ಶವರ್ ಗಾಜಿನ ಅಂಚಿನಿಂದ ನೀರು ಸೋರುತ್ತಿದೆಯೇ? ಹಳೆ ಸಿಲಿಕೋನ್ ಮೇಲೆ ಹೊಸದು ಹಚ್ಚಬೇಡಿ

ಮುಂಬೈ, ಪುಣೆ, ಚೆನ್ನೈನಂಥ ನಗರಗಳ ಫ್ಲ್ಯಾಟ್‌ಗಳಲ್ಲಿ ಸ್ನಾನದ ಜಾಗಕ್ಕೆ ಗಾಜಿನ ಪಾರ್ಟಿಷನ್ ಹಾಕಿಸುವುದು ಈಗ ಸಾಮಾನ್ಯ. ಗಾಜು ಗೋಡೆಗೂ ನೆಲಕ್ಕೂ ಸೇರುವ ಕಡೆ ನೀರು ತಡೆಯುವುದು ತೆಳುವಾದ ಸಿಲಿಕೋನ್ ಪಟ್ಟಿ. ಅದು ಎದ್ದು ಬಂದರೆ ನೀರು ಹೊರಗೆ ಹರಿಯುತ್ತದೆ. ಮರದ ಬಾಗಿಲು ಊದಿಕೊಳ್ಳುತ್ತದೆ, ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಕಲೆ ಬಿದ್ದು ಸೊಸೈಟಿಗೆ ದೂರು ಹೋಗುತ್ತದೆ. ಇದನ್ನು ಮನೆಯಲ್ಲೇ ಸರಿಪಡಿಸಬಹುದು. ಆದರೆ ಒಣಗಿದ ಸಿಲಿಕೋನ್‌ಗೆ ಹೊಸ ಸಿಲಿಕೋನ್ ಸರಿಯಾಗಿ ಅಂಟುವುದಿಲ್ಲ. ಮೇಲೆ ಮೇಲೆ ಬಳಿದರೆ ಸೋರಿಕೆ ಮರುಕಳಿಸುತ್ತದೆ.

ಸೋರಿಕೆ ಎಲ್ಲಿ?

ಹೊರಗಿನ ನೆಲ ಒರೆಸಿ, ಗಾಜಿನ ಅಂಚಿಗೆ ಟಿಶ್ಯೂ ಪೇಪರ್ ಇಡಿ. ಬಾಗಿಲ ಮೇಲೆ ಬೀಳದಂತೆ, ಗಾಜಿನ ಸಂದಿಗೆ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೀರು ಬಿಡಿ. ಪೇಪರ್ ಒದ್ದೆಯಾದ ಕಡೆ ಸಿಲಿಕೋನ್ ಬಿಟ್ಟಿದೆ. ಬಾಗಿಲ ಕೆಳಗಿನಿಂದ ಬಂದರೆ ಅಲ್ಲಿನ ಪ್ಲಾಸ್ಟಿಕ್ ಪಟ್ಟಿ ಬದಲಿಸಿದರೆ ಸಾಕು.

ಯಾವ ಸಿಲಿಕೋನ್?

ಬಾತ್‌ರೂಮ್‌ಗೆ ಬೂಷ್ಟು ತಡೆಯುವ 'ಸ್ಯಾನಿಟರಿ' ಸಿಲಿಕೋನ್ ಕೊಳ್ಳಿ. ವಿನೆಗರ್ ವಾಸನೆ ಬರುವುದು ಅಸಿಟಾಕ್ಸಿ ಬಗೆ. ಇದು ಗಾಜು, ಟೈಲ್ಸ್‌ಗೆ ಸರಿ. ಗಾಜು ಮಾರ್ಬಲ್ ಅಥವಾ ಗ್ರಾನೈಟ್ ಪಟ್ಟಿಯ ಮೇಲೆ ಕೂತಿದ್ದರೆ 'ನ್ಯೂಟ್ರಲ್' ಬಗೆಯೇ ಬೇಕು. ಟ್ಯೂಬ್ ಮೇಲಿನ ಎಕ್ಸ್‌ಪೈರಿ ದಿನಾಂಕ ನೋಡಿಯೇ ಕೊಳ್ಳಿ, ಅವಧಿ ಮುಗಿದದ್ದು ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯಬಹುದು.

ಮಾಡುವ ಕ್ರಮ

1. ಹಳೆಯದನ್ನು ಪೂರ್ತಿ ತೆಗೆಯಿರಿ. ಕಟ್ಟರ್‌ನಿಂದ ಎರಡೂ ಬದಿ ಕೊಯ್ದು ಎಳೆಯಿರಿ, ಉಳಿದದ್ದನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆಯಿರಿ. ಟಫನ್ಡ್ ಗಾಜಿನ ಅಂಚಿಗೆ ಲೋಹ ತಾಗಿಸಿ ಮೀಟಬೇಡಿ, ಇಡೀ ಗಾಜು ಪುಡಿಯಾಗಬಹುದು.

2. ಸೋಪಿನ ಜಿಡ್ಡು, ಬೂಷ್ಟು ತೊಳೆದು, ಕೊನೆಗೆ ಸರ್ಜಿಕಲ್ ಸ್ಪಿರಿಟ್‌ನಿಂದ ಒರೆಸಿ.

3. ಕನಿಷ್ಠ 24 ಗಂಟೆ ಒಣಗಲು ಬಿಡಿ. ಮಳೆಗಾಲದಲ್ಲಿ ಫ್ಯಾನ್ ಹಾಕಿ ಇನ್ನೊಂದು ದಿನ ಕಾಯಿರಿ. ಸಂದಿಯೊಳಗೆ ತೇವ ಉಳಿದರೆ ಸಿಲಿಕೋನ್ ಹಿಡಿಯುವುದಿಲ್ಲ.

4. ಸಂದಿಯ ಎರಡೂ ಬದಿ ಮಾಸ್ಕಿಂಗ್ ಟೇಪ್ ಅಂಟಿಸಿ. ಟ್ಯೂಬ್‌ನ ಮೂತಿಯನ್ನು ಓರೆಯಾಗಿ ಕತ್ತರಿಸಿ, ಸುಮಾರು 5 ಮಿ.ಮೀ. ಅಗಲದ ಗೆರೆಯನ್ನು ನಡುವೆ ನಿಲ್ಲಿಸದೆ ಎಳೆಯಿರಿ.

5. ಮೇಲ್ಪದರ ಗಟ್ಟಿಯಾಗುವ ಮುನ್ನ, ಸುಮಾರು 5 ನಿಮಿಷದೊಳಗೆ, ಸೋಪು ನೀರಿನಲ್ಲಿ ಅದ್ದಿದ ಬೆರಳಿನಿಂದ ಒಮ್ಮೆ ಸವರಿ. ತಕ್ಷಣ ಟೇಪ್ ತೆಗೆಯಿರಿ.

6. ಕನಿಷ್ಠ 24 ಗಂಟೆ, ದಪ್ಪ ಗೆರೆಯಾದರೆ 48 ಗಂಟೆ, ಶವರ್ ಬಳಸಬೇಡಿ. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ.

ಒಳಗೋ, ಹೊರಗೋ?

ಅಲ್ಯೂಮಿನಿಯಂ ಚೌಕಟ್ಟಿನ ಶವರ್‌ಗೆ ಸಾಮಾನ್ಯವಾಗಿ ಹೊರಬದಿಗೆ ಮಾತ್ರ ಸಿಲಿಕೋನ್ ಹಚ್ಚುತ್ತಾರೆ. ಚೌಕಟ್ಟಿನೊಳಗೆ ಸೇರಿದ ನೀರು ಒಳಗಿನಿಂದಲೇ ಮರಳಿ ಹರಿಯಬೇಕು. ಒಳಗನ್ನೂ ಮುಚ್ಚಿದರೆ ಅದು ಅಲ್ಲೇ ನಿಂತು, ಹೊರಗೆ ದಾರಿ ಹುಡುಕುತ್ತದೆ. ತಯಾರಕರ ಸೂಚನೆ ಬೇರೆ ಇದ್ದರೆ ಅದನ್ನೇ ಪಾಲಿಸಿ.

ಇದರಿಂದ ನಿಲ್ಲದ ಸೋರಿಕೆ

ಗಾಜಿನ ಹೊರಗೆ ನೆಲ ಒಣಗಿದ್ದರೂ ಕೆಳಗಿನ ಮನೆಯಲ್ಲಿ ತೊಟ್ಟಿಕ್ಕುತ್ತಿದ್ದರೆ ದೋಷ ಸಿಲಿಕೋನ್‌ನದಲ್ಲ. ಒಂದು ಬಕೆಟ್ ನೀರನ್ನು ನೇರವಾಗಿ ಜಾಲರಿಗೆ ಸುರಿದಾಗಲೂ ತೊಟ್ಟಿಕ್ಕಿದರೆ ಕೊಳವೆಯ ಜೋಡಣೆಯನ್ನು ಪ್ಲಂಬರ್‌ಗೆ ತೋರಿಸಿ. ನಲ್ಲಿ ಮುಚ್ಚಿದ್ದರೂ ತೊಟ್ಟಿಕ್ಕುವುದು ನಿಲ್ಲದಿದ್ದರೆ ಗೋಡೆಯೊಳಗಿನ ಪೈಪ್ ಪರೀಕ್ಷಿಸಬೇಕು. ಎರಡೂ ಸರಿಯಿದ್ದರೆ ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಹಾಳಾಗಿರುವ ಸಾಧ್ಯತೆ ಹೆಚ್ಚು.

ಹೊಸ ಸಿಲಿಕೋನ್ ಬಾಳಿಕೆ ಬರಲು ಸ್ನಾನದ ನಂತರ ಗಾಜು ಒರೆಸಿ, ಎಕ್ಸಾಸ್ಟ್ ಫ್ಯಾನ್ ಓಡಿಸಿ. ಆಸಿಡ್ ಹಾಕಿ ತೊಳೆಯಬೇಡಿ, ಅದು ಟೈಲ್ಸ್ ಸಂದಿಯ ಸಿಮೆಂಟನ್ನು ತಿನ್ನುತ್ತದೆ.