ಕಾರಿನ ಸಸ್ಪೆನ್ಷನ್: ಸಾಮಾನ್ಯ ದೋಷಗಳು

ಮಳೆಗಾಲ ಮುಗಿಯುವಷ್ಟರಲ್ಲಿ ಮುಂಬಯಿಯ ಹೊಂಡಗಳಲ್ಲಿ ಬಳಲಿದ ನಮ್ಮ ಕಾರುಗಳು ಸದ್ದು ಮಾಡತೊಡಗುತ್ತವೆ. ಸಣ್ಣ ಉಬ್ಬುಗಳಲ್ಲಿ ಕೇಳುವ 'ಟಕ್ ಟಕ್' ಶಬ್ದಕ್ಕೆ ಬಹುಮಟ್ಟಿಗೆ ಸವೆದ ಸ್ಟೆಬಿಲೈಸರ್ ಲಿಂಕ್ ಅಥವಾ ರಬ್ಬರ್ ಬುಷ್ ಕಾರಣ, ಖರ್ಚು ಅಲ್ಪ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಕಟಕಟಿಸಿದರೆ ಸ್ಟ್ರಟ್ ಮೌಂಟನ್ನು ಶಂಕಿಸಬೇಕು. ಉಬ್ಬು ದಾಟಿದ ಮೇಲೂ ಕಾರು ತೊಟ್ಟಿಲಿನಂತೆ ತೂಗುತ್ತಿದ್ದು, ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಒಸರಿದ್ದರೆ ಅದರ ಆಯುಷ್ಯ ಮುಗಿಯಿತೆಂದೇ ಅರ್ಥ. ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಒಂದನ್ನೇ ಬದಲಿಸುವ ಉಳಿತಾಯ ನಮಗೆ ಸಮ್ಮತವಲ್ಲ.

ಬಾಲ್ ಜಾಯಿಂಟ್ ಸಡಿಲಗೊಂಡಿದ್ದರೆ ಮಾತ್ರ ಒಂದು ದಿನವೂ ಕಾಯುವಂತಿಲ್ಲ. ಅದು ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಊರಿಗೆ ಹೊರಟವರು ಖಂಬಾಟ್ಕಿ ಘಾಟಿಯನ್ನು ಮುಟ್ಟುವ ಮೊದಲೇ, ಇಲ್ಲಿಯೇ ಮೆಕ್ಯಾನಿಕ್‌ನಿಂದ ಕಾರನ್ನು ಜ್ಯಾಕ್ ಮೇಲೆತ್ತಿಸಿ, ಚಕ್ರ ಅಲುಗಿಸಿ ಪರೀಕ್ಷಿಸಿಕೊಳ್ಳತಕ್ಕದ್ದು.