ಒಂದು ಹಿಟ್ಟು ಅಂದ್ರೆ ಎಷ್ಟು? (ನಮ್ಮೂಟದ ಚರಿತ್ರೆ, ಕಂತು 6)

ಮಂಡ್ಯ ಕಡೆ ಹಳೇ ತಲೆಗಳು ಇವತ್ತಿಗೂ ಕೇಳೋದು "ಇಟ್ಟು ಉಂಡ್ಯಾ?" ಅಂತ. ಹಿಟ್ಟು ಅಂದ್ರೆ ಮುದ್ದೆ, ಮುದ್ದೆ ಅಂದ್ರೆ ಊಟ. ಅನ್ನ ತಿಂದಿದ್ರೂ ಪ್ರಶ್ನೆ ಅದೇ.

ಈ ಸಲ ಮಳವಳ್ಳಿ ಹತ್ರದ ನಮ್ಮೂರ ಹಬ್ಬಕ್ಕೆ ದೊಡ್ಡಮ್ಮ ಬಂದಿದ್ರು. ತೂಕ ಇಳಿಸೋ ಆಪರೇಷನ್ ಆಗಿ ಐದು ತಿಂಗಳಾಗಿತ್ತು. ನಿಂಬೆಹಣ್ಣಿನ ಗಾತ್ರದ ಹಿಟ್ಟು ಹಾಕಿಸ್ಕೊಂಡು, ಅದನ್ನೂ ಚೂರು ಮಾಡಿ ಅಗಿದು ತಿಂತಿದ್ರು. ಪಂಕ್ತೀಲಿ ಕೂತವರಿಗೆ ಎರಡೆರಡು ಶಾಕ್. ಇಷ್ಟೇನಾ? ಹಿಟ್ಟನ್ನ ಯಾರಾದ್ರೂ ಅಗೀತಾರಾ? "ಯಾಕವ್ವಾ, ಸಾರು ಸೇರ್ಲಿಲ್ವಾ?" ಅಂತ ಇಕ್ಕೋರು ಮುಖ ಚಿಕ್ಕದು ಮಾಡ್ಕೊಂಡ್ರು. ದೊಡ್ಡಮ್ಮ ಎಲೆ ಬಿಟ್ಟು ಎದ್ದುಹೋದ್ರು.

ಬೇಜಾರಾಯ್ತು. ಆದ್ರೆ ಇಕ್ಕಿದವರದೂ ಪೂರ್ತಿ ತಪ್ಪಲ್ಲ. ಅದರ ಹಿಂದೆ ಒಂದು ಚರಿತ್ರೆ ಇದೆ.

ಇವತ್ತು ಕಬ್ಬು, ಭತ್ತದಿಂದ ಹಸಿರಾಗಿರೋ ಈ ಸೀಮೆ ನೂರು ವರ್ಷದ ಹಿಂದೆ ಬಹುಪಾಲು ಒಣಭೂಮಿ. ರಾಗಿ, ಹುರುಳಿ, ಅವರೆ ಬೆಳೀತಿದ್ರು. ಅನ್ನ ಹಬ್ಬಕ್ಕೆ. 1876-78ರ ಬರದಲ್ಲಿ, ಅಂದ್ರೆ ಧಾತು ಸಂವತ್ಸರದಲ್ಲಿ ಶುರುವಾದ ಬರದಲ್ಲಿ, ಮೈಸೂರು ಸಂಸ್ಥಾನದ ಸುಮಾರು ಹತ್ತು ಲಕ್ಷ ಜನ ಸತ್ತರು. ಐದು ಜನರಲ್ಲಿ ಒಬ್ಬರು ಅಂದ್ಕೊಳ್ಳಿ. ರಾಗಿಯನ್ನ ನೆಲದೊಳಗಿನ ಹಗೇವಿನಲ್ಲಿ ತುಂಬಿ ಮುಚ್ಚಿಡ್ತಿದ್ದದ್ದು ಇಂಥ ಕಾಲಕ್ಕೇ. ಅಂಥ ನೆಲದಲ್ಲಿ "ಇನ್ನೊಂದು ಹಾಕ್ಲಾ" ಅನ್ನೋದು ಬರೀ ಉಪಚಾರದ ಮಾತಲ್ಲ, ನಮ್ಮ ಮನೇಲಿ ಇನ್ನೂ ಇದೆ ಅಂತ ಹೇಳೋ ರೀತಿ. ಬೇಡ ಅಂದ್ರೆ ನೋವಾಗೋದು ಅದಕ್ಕೇ ಅನ್ಸುತ್ತೆ ನಂಗೆ.

ಆಮೇಲೆ ನೀರು ಬಂತು. ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ. 1930ರ ದಶಕದಲ್ಲಿ ಇರ್ವಿನ್ ನಾಲೆ (ಈಗ ನಾವು ವಿ.ಸಿ. ನಾಲೆ ಅಂತೀವಲ್ಲ, ಅದೇ) ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹರೀತು. 1933ರಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯ ಜಿಲ್ಲೆ. ಅನ್ನ ದಿನಾ ಬಂತು, ಬೆಲ್ಲ ಮನೆಮನೆಗೆ ಬಂತು. ಹಿಟ್ಟು ಮಾತ್ರ ಜಾಗ ಬಿಡ್ಲಿಲ್ಲ. ನಮ್ಮ ವಿ.ಸಿ. ಫಾರಂನಲ್ಲೇ 'ರಾಗಿ ಲಕ್ಷ್ಮಣಯ್ಯ' ಇಂಡಿಯಾ ತಳಿಗೂ ಆಫ್ರಿಕಾ ತಳಿಗೂ ಬೀಗತನ ಮಾಡಿಸಿ ಇಂಡಾಫ್ ರಾಗಿ ಕೊಟ್ರು. (ಅವರ ಬಗ್ಗೆನೇ ಒಂದು ಕಂತು ಬರೀಬೇಕು.)

ಈಗ ನುಂಗೋ ವಿಷಯ. ಹೊಲಕ್ಕೆ ಹೋಗೋರಿಗೆ ಕೂತು ಅಗಿಯೋಕೆ ಪುರುಸೊತ್ತಿಲ್ಲ, ಸಾರಲ್ಲಿ ಅದ್ದಿ ನುಂಗಿದ್ರೆ ಗಂಟ್ಲಲ್ಲಿ ಜಾರುತ್ತೆ, ಮಧ್ಯಾಹ್ನದವರೆಗೂ ಹೊಟ್ಟೆ ಗಟ್ಟಿ. ಮದ್ದೂರು ವಡೆ ಕಥೆನೂ ಆತುರದ್ದೇ. 1917ರಲ್ಲಿ ಮದ್ದೂರು ಸ್ಟೇಷನ್‌ನಲ್ಲಿ ರಾಮಚಂದ್ರ ಬುಧ್ಯ ಅನ್ನೋರು, ರೈಲು ಬೇಗ ಬಂದುಬಿಡ್ತು ಅಂತ ಹಿಟ್ಟನ್ನ ತಟ್ಟಿ ಎಣ್ಣೆಗೆ ಬಿಟ್ರು ಅಂತ ಹೇಳ್ತಾರೆ. ಈಗ ನೇಗಿಲು ಹೋಗಿ ಟ್ರ್ಯಾಕ್ಟರ್ ಬಂದಿದೆ, ಹೊಲಕ್ಕೂ ಬೈಕಲ್ಲೇ ಹೋಗ್ತೀವಿ. ಹಿಟ್ಟಿನ ಗಾತ್ರ, ನುಂಗೋ ಸ್ಪೀಡು ಹಾಗೇ ಇದೆ.

ದೊಡ್ಡಮ್ಮನ ಹೊಟ್ಟೆಗೆ ಆತುರ ಆಗೋದೇ ಇಲ್ಲ. ಹೊಟ್ಟೆ ಹುಣ್ಣಿಗೆ ಜಠರದ ಒಂದು ಭಾಗ ತೆಗೆಸಿಕೊಂಡವರು ತೂಕ ಕಳ್ಕೊಳ್ಳೋದನ್ನ ನೋಡಿ, ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಅನ್ನೋ ಸರ್ಜನ್ 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಶುರು ಮಾಡಿದ್ರು. ದೊಡ್ಡಮ್ಮಂಗೆ ಆಗಿರೋದು ಆಮೇಲೆ ಬಂದ 'ಸ್ಲೀವ್'. ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದು ಬಾಳೆಹಣ್ಣಿನಂಥ ಕೊಳವೆ ಉಳಿಸ್ತಾರೆ. ಮೊದಲಿಗೆ ಅದರಲ್ಲಿ ಹಿಡಿಯೋದು ಸುಮಾರು 100-150 ಮಿಲಿ, ಒಂದು ಸಣ್ಣ ಲೋಟ. ಮೊದಮೊದಲು ಬರೀ ನೀರಾಹಾರ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು, ವಾರಗಳಾದ ಮೇಲೆ ಮಾಮೂಲಿ ಊಟ. ಅಂಟಂಟಾಗಿರೋದನ್ನ ನುಂಗಿದ್ರೆ ಸಿಕ್ಕಿಹಾಕ್ಕೊಂಡು ಎದೆ ಹಿಡಿಯುತ್ತೆ, ವಾಂತಿ ಆಗುತ್ತೆ. ಹಿಟ್ಟಂತೂ ಅದಕ್ಕೆ ಹೇಳಿ ಮಾಡಿಸಿದ್ದು! ಅದಕ್ಕೇ ಅಗಿಯಬೇಕು. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಕುಡೀಬೇಕು. ಪಾಯಸ, ಹೋಳಿಗೆ ಜಾಸ್ತಿ ಆದ್ರೆ ಕೆಲವರಿಗೆ ಬೆವರು, ತಲೆಸುತ್ತು. ಪ್ರೊಟೀನ್ ಮೊದಲು, ಹಿಟ್ಟು ಅನ್ನ ಕೊನೆಗೆ. ನಮ್ಮದು ಉಲ್ಟಾ ಅಲ್ವಾ?

ಆದ್ರೆ ಬಸ್ಸಾರು ನೋಡಿ. ಕಾಳು, ಸೊಪ್ಪು ಬೇಯಿಸಿ, ಬಸಿದ ನೀರಲ್ಲಿ ಸಾರು, ಬಸಿದ ಕಾಳಲ್ಲಿ ಪಲ್ಯ. ಆ ಪಲ್ಯ ಮೊದಲು ತಿಂದ್ರೆ ಡಾಕ್ಟರ ಮಾತೂ ನಡೀತು, ಊರಿನ ಸಾರೂ ಉಳೀತು.

ಇನ್ನೊಂದು ವಿಷಯ ನಂಗೆ ಹೊಳೆದಿದ್ದು ಅವತ್ತು ರಾತ್ರಿ, ಒಲೆ ಮುಂದೆ. ಅಕ್ಕಿಗೆ ಪಾವು, ಸೇರು ಇತ್ತು. ಕಟ್ಟಿದ ಹಿಟ್ಟಿಗೆ ಯಾವ ಅಳತೆನೂ ಇರ್ಲಿಲ್ಲ. ಉಳೋನಿಗೆ ದೊಡ್ಡದು, ಸ್ಕೂಲಿಗೆ ಹೋಗೋ ಮಗೂಗೆ ಪುಟ್ಟದು, ಜ್ವರ ಬಂದೋರಿಗೆ ಹಿಟ್ಟೇ ಇಲ್ಲ, ಗಂಜಿ. ಕಟ್ಟೋಳು ಉಣ್ಣೋರ ಮುಖ ನೋಡಿ ಕಟ್ತಿದ್ಲು.

ಅಜ್ಜಿ ಕೈ ಒದ್ದೆ ಮಾಡ್ಕೊಂಡು ದೊಡ್ಡಮ್ಮನ ಕಡೆ ತಿರುಗಿದ್ರು. "ಎಷ್ಟು ಗಾತ್ರ ಕಟ್ಲವ್ವಾ?"

ದೊಡ್ಡಮ್ಮ ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ ತೋರಿಸಿದ್ರು.