ಬೈಲಹೊಂಗಲದ ಸೆರೆ ಮತ್ತು ಕ್ಷಮೆಯ ಮಾತು



ಕ್ಷಮಾದಾನ, ಕ್ಷಮಾಭಿಕ್ಷೆ ಎಂಬ ಎರಡು ಮಾತುಗಳು ನಮ್ಮಲ್ಲಿ ಬಳಕೆಯಲ್ಲಿವೆ. ಕೊಡುವವನ ಕಡೆಯಿಂದ ನೋಡಿದರೆ ಅದು ದಾನ. ಬೇಡುವವನ ಕಡೆಯಿಂದ ನೋಡಿದರೆ ಭಿಕ್ಷೆ. ಅಧಿಕಾರದಿಂದಿಳಿದ ನಾಯಕನೊಬ್ಬನು ಸೆರೆ ಸೇರಿದಾಗಲೆಲ್ಲ, ರಾಷ್ಟ್ರದ ಅಧ್ಯಕ್ಷರು ಅವನನ್ನು ಕ್ಷಮಿಸುವರೇ ಎಂಬ ಚರ್ಚೆ ಜಗತ್ತಿನ ಯಾವುದೋ ಮೂಲೆಯಲ್ಲಿ ಏಳುತ್ತದೆ. ಅದು ಕಿವಿಗೆ ಬಿದ್ದಾಗ ನನ್ನ ಮನಸ್ಸು ಬೈಲಹೊಂಗಲದ ಕಡೆಗೆ ಹೊರಳುತ್ತದೆ. ಕಿತ್ತೂರಿನ ರಾಣಿ ಚೆನ್ನಮ್ಮ ಸೆರೆಯಲ್ಲಿದ್ದು ಸೆರೆಯಲ್ಲಿಯೇ ಕಣ್ಮುಚ್ಚಿದ ಊರು ಅದು. ಅವಳ ಸಮಾಧಿ ಇರುವುದೂ ಅಲ್ಲಿಯೇ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದನು. ದತ್ತಕವನ್ನು ಒಪ್ಪದೆ ಸಂಸ್ಥಾನಕ್ಕೆ ಕೈಹಾಕಿದ್ದರ ಫಲ ಅದು. ಅಂದು ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಆಂಗ್ಲ ಅಧಿಕಾರಿಗಳು ಕಿತ್ತೂರಿನವರ ಕೈಗೆ ಸಿಕ್ಕರು. ಸುಮಾರು 40 ದಿನಗಳ ತರುವಾಯ ಅವರನ್ನು ಜೀವಸಹಿತ ಬಿಟ್ಟುಕೊಡಲಾಯಿತು. ಆದರೂ ಕಂಪನಿಯ ಸೈನ್ಯ ಹಿಂದೆ ಸರಿಯಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿದ್ದಿತು, ರಾಣಿ ಸೆರೆಯಾದಳು.

ಕನ್ನಡದ ಅಧ್ಯಾಪಕನಾಗಿ ನಾನು ಈ ಎಲಿಯಟ್‌ನನ್ನು ಮರೆಯಲಾರೆ. ಮುಂದೆ ಸರ್ ವಾಲ್ಟರ್ ಎಲಿಯಟ್ ಎಂದು ಹೆಸರಾದವನು ಈತನೇ. ನಮ್ಮ ನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿ, ಚಾಲುಕ್ಯರ ಚರಿತ್ರೆಗೆ ತಳಹದಿ ಹಾಕಿದವರಲ್ಲಿ ಮೊದಲಿಗನು. ಕಿತ್ತೂರು ಬಿಟ್ಟುಕೊಟ್ಟ ಬಂದಿಯಿಂದ ಕನ್ನಡಕ್ಕೆ ಇಷ್ಟು ಲಾಭವಾಯಿತು. ಬಿಟ್ಟುಕೊಟ್ಟವಳಿಗೆ ಮಾತ್ರ ಬಿಡುಗಡೆ ಬರಲಿಲ್ಲ. 1829ರ ಫೆಬ್ರುವರಿಯಲ್ಲಿ, ನಾಲ್ಕು ವರ್ಷಗಳ ಮೇಲೆ ಎರಡು ತಿಂಗಳು ಕಳೆದಾಗ, ಸಾವೇ ಅವಳನ್ನು ಬಿಡಿಸಿತು.

ಅವಳನ್ನು ಕ್ಷಮಿಸಬಹುದಾದವರು ಯಾರು? ಮೊದಲು ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್. 1827ರಿಂದ ಅವನ ಸ್ಥಾನಕ್ಕೆ ಬಂದ ಮಾಲ್ಕಮ್. ಇಬ್ಬರೂ ವಿದ್ವಾಂಸರು, ಇತಿಹಾಸಗ್ರಂಥಗಳನ್ನು ಬರೆದವರು. ವಿದ್ವತ್ತಿಗೂ ಕರುಣೆಗೂ ಸಂಬಂಧವಿದ್ದಿದ್ದರೆ ಬೈಲಹೊಂಗಲದ ಬಾಗಿಲು ತೆರೆಯಬೇಕಾಗಿತ್ತು. ಆದರೆ ಆಳುವವನ ಕ್ಷಮೆ ಹೃದಯದಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ ಲೆಕ್ಕಾಚಾರದಿಂದ ಹುಟ್ಟುತ್ತದೆ. ಯಾರಿಂದ ಭಯವಿಲ್ಲವೋ ಅವರಿಗೆ ಅದು ಸುಲಭ. ಅದೇ ಯುದ್ಧದಲ್ಲಿ ಸೆರೆಸಿಕ್ಕಿದ್ದ ಸಂಗೊಳ್ಳಿ ರಾಯಣ್ಣನನ್ನು ಅವರು ಬಿಟ್ಟರು, ರಾಣಿಯನ್ನು ಬಿಡಲಿಲ್ಲ. ಲೆಕ್ಕ ತಪ್ಪಿತು. ರಾಣಿ ತೀರಿಕೊಂಡ ಮರುವರ್ಷವೇ, ದತ್ತಕಪುತ್ರ ಶಿವಲಿಂಗಪ್ಪನ ಹೆಸರಿನಲ್ಲಿ ರಾಯಣ್ಣನು ಕಂಪನಿಯನ್ನು ನಡುಗಿಸಿದನು.

ಸವದತ್ತಿಯನ್ನು ದಾಟಿ ರಾಮದುರ್ಗದ ಸೀಮೆಗೆ ಹೋದರೆ ಇದೇ ಲೆಕ್ಕಾಚಾರದ ಇನ್ನೊಂದು ಪುಟ ಕಾಣುತ್ತದೆ. 1858ರ ಮೇ 29ರಂದು ಅಲ್ಲಿಯ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬನು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದನು. ಜೂನ್ 12ರಂದು ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು. ನಡುವೆ ಕೇವಲ ಎರಡು ವಾರ. ಐದು ತಿಂಗಳೊಳಗೆ, ನವೆಂಬರ್ 1ರಂದು, ವಿಕ್ಟೋರಿಯಾ ರಾಣಿಯ ಘೋಷಣೆ ಬಂಡಾಯಗಾರರಿಗೆ ಕ್ಷಮೆಯನ್ನು ಸಾರಿತು. ಆದರೆ ಬ್ರಿಟಿಷ್ ಪ್ರಜೆಗಳ ಕೊಲೆಯಲ್ಲಿ ಪಾಲುಗೊಂಡವರನ್ನು ಅದು ಹೊರಗಿಟ್ಟಿತ್ತು. ಬಾಬಾಸಾಹೇಬನು ಬದುಕಿದ್ದರೂ ಆ ಬಾಗಿಲು ಅವನಿಗೆ ಮುಚ್ಚಿಯೇ ಇರುತ್ತಿತ್ತು.

ಇಂದಿನ ಸಂವಿಧಾನದ 72ನೆಯ ವಿಧಿ ರಾಷ್ಟ್ರಪತಿಗಳಿಗೂ, 161ನೆಯ ವಿಧಿ ರಾಜ್ಯಪಾಲರಿಗೂ ಕ್ಷಮೆಯ ಅಧಿಕಾರವನ್ನು ಕೊಟ್ಟಿವೆ. ಅಮೆರಿಕದಲ್ಲಿ 1974ರಲ್ಲಿ ಅಧ್ಯಕ್ಷ ಫೋರ್ಡ್ ಅವರು ಮಾಜಿ ಅಧ್ಯಕ್ಷ ನಿಕ್ಸನ್ ಅವರನ್ನು ವಿಚಾರಣೆಗೆ ಮೊದಲೇ ಕ್ಷಮಿಸಿದರು. ನಮ್ಮ ವಿಧಿಗಳು ಹೇಳುವುದು ಅಪರಾಧಿಯೆಂದು ತೀರ್ಮಾನವಾದವರ ಮಾತನ್ನು. ಚೆನ್ನಮ್ಮನ ನೋವಿನ ಮೂಲ ಇಲ್ಲಿದೆ. ಅವಳ ಮೇಲೆ ನ್ಯಾಯಾಲಯದ ತೀರ್ಪಿರಲಿಲ್ಲ, ಆದುದರಿಂದ ಶಿಕ್ಷೆಗೆ ಅವಧಿಯೂ ಇರಲಿಲ್ಲ. ಇಲ್ಲದ ಶಿಕ್ಷೆಯನ್ನು ಯಾರು ತಗ್ಗಿಸಬಲ್ಲರು? ಇಂಥ ಸೆರೆಗೆ ಮುಂಬಯಿ ಸರಕಾರ ಮುಂದೆ 1827ರ 25ನೆಯ ರೆಗ್ಯುಲೇಶನ್ನಿನಲ್ಲಿ ಕಾಯದೆಯ ಉಡುಪನ್ನೂ ತೊಡಿಸಿತು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರನ್ನು ವಿಚಾರಣೆಯಿಲ್ಲದೆ ಯರವಡಾದಲ್ಲಿಟ್ಟದ್ದು ಅದೇ ಹಳೆಯ ಕಟ್ಟಳೆಯ ಬಲದಿಂದ.

ಹಾಗೆಂದು ಇಂದಿನ ವ್ಯವಸ್ಥೆ ನಿರ್ದೋಷವೆಂದಲ್ಲ. ಬೆಳಗಾವಿಯ ಹಿಂಡಲಗಾ ಸೆರೆಮನೆಯಲ್ಲಿ ನಾಲ್ವರು ಮರಣದಂಡಿತರು ರಾಷ್ಟ್ರಪತಿಗಳ ಉತ್ತರಕ್ಕಾಗಿ ಸುಮಾರು 9 ವರ್ಷ ಕಾದರು. 2013ರಲ್ಲಿ ಬಂದ ಉತ್ತರ ನಿರಾಕರಣೆಯಾಗಿತ್ತು. 2014ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಥ ವಿಳಂಬವೇ ಒಂದು ಹಿಂಸೆಯೆಂದು ಬಗೆದು, ಅವರೂ ಸೇರಿ 15 ಜನರ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅವರ ಅಪರಾಧ ಘೋರವಾದುದು. ರಾಣಿಯೊಡನೆ ಅವರನ್ನು ಹೋಲಿಸುತ್ತಿಲ್ಲ. ಆದರೆ ಅವರಿಗೆ ತೀರ್ಪಿತ್ತು, ಅರ್ಜಿಯಿತ್ತು, ಅರ್ಜಿ ತಡವಾದರೆ ಕೇಳುವ ನ್ಯಾಯಪೀಠವಿತ್ತು. ಕ್ಷಮೆಯನ್ನು ಭಿಕ್ಷೆಯಿಂದ ಮೇಲೆತ್ತುವುದು ಈ ಮೂರೇ. ಒಂದು ನಾಡಿನ ರಾಣಿಗೆ ಇವುಗಳಲ್ಲಿ ಒಂದೂ ಇರಲಿಲ್ಲ.

ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. 119 ವರ್ಷಗಳ ಅನಂತರ ಅದೇ ದಿನ ನಮ್ಮ ಸಂವಿಧಾನ ಜಾರಿಗೆ ಬಂದಿತು. ಕಾಕತಾಳೀಯವೆನ್ನಿರಿ. ಆದರೂ ಬೈಲಹೊಂಗಲದ ಸಮಾಧಿಯ ಮುಂದೆ ಕೈಮುಗಿದು ನಿಂತಾಗ, ತೀರ್ಪಿಲ್ಲದ ಸೆರೆ ಇನ್ನು ಯಾರಿಗೂ ಬಾರದಿರಲಿ ಎಂಬ ಪ್ರಾರ್ಥನೆ ನನ್ನಲ್ಲಿ ತಾನಾಗಿ ಮೂಡುತ್ತದೆ.